ತಾಳೆಗರಿಯ ಕಟ್ಟು

ಅಲ್ಮೋಡಾ ಜಿಲ್ಲೆಯ ಒಂದು ಬೆಟ್ಟದ ಹಳ್ಳಿ
6 ಅಕ್ಟೋಬರ್ 2024

ಲತಾ,

ಕವರ್ ಮೇಲೆ ನಿಖಾತ್ ಅನ್ನುವ ಹೆಸರು ನೋಡಿಯೇ ಮುಖ ಸಿಂಡರಿಸಿರುತ್ತೀಯ, ಗೊತ್ತು. ನಾನು ಚನ್ನಪಟ್ಟಣ ಬಿಟ್ಟ ಮೂರನೇ ದಿನಕ್ಕೇ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಮೆಸೇಜ್ ಹಾಕಿದರೆ ಒಂದೇ ಟಿಕ್ ಬಿದ್ದು ಕೂತಿದೆ. ಆಗಲಿ ಬಿಡು. ನನ್ನನ್ನು ಬ್ಲಾಕ್ ಮಾಡಬಹುದು, ನಿಮ್ಮ ಕೂಟಗಲ್ಲಿನ ಪೋಸ್ಟ್‌ಮ್ಯಾನ್ ಅಂಕಯ್ಯನನ್ನು ಬ್ಲಾಕ್ ಮಾಡೋಕಾಗುತ್ತಾ? ಶಾಲೆಯಲ್ಲಿ ರಜಾ ಅರ್ಜಿ ಬರೆದಿದ್ದು ಬಿಟ್ಟರೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿಕೊಂಡು ಓದು.

ಎರಡು ದಿನ ರೈಲು, ಒಂದು ದಿನ ಜೀಪು. ಜೀಪಿನಲ್ಲಿ ನಾನು ವಾಂತಿ ಮಾಡಿದ್ದನ್ನು ಸ್ಟೇಟಸ್‌ನಲ್ಲಿ ಹಾಕಲಿಲ್ಲ ನೋಡು, ಬರೀ ಬೆಟ್ಟದ ಫೋಟೋ ಹಾಕಿದೆ. ರಾಮನಗರದ ಬಂಡೆ ನೋಡಿ ಬೆಳೆದವಳು ನಾನು. ಬೆಟ್ಟ ಅಂದರೆ ಒಂದು ಕಡೆ ಶುರುವಾಗಿ ಒಂದು ಕಡೆ ಮುಗಿಯಬೇಕು. ಇಲ್ಲಿಯವು ಮುಗಿಯುವುದೇ ಇಲ್ಲ. ಊರಿನಲ್ಲಿ ಟವರ್ ಇಲ್ಲ. ಗುಡಿಯ ದಿಬ್ಬ ಹತ್ತಿದರೆ ಒಂದೆರಡು ಕಡ್ಡಿ ಸಿಗುತ್ತದೆ, ಅದೂ ಮೋಡ ಇಲ್ಲದಿದ್ದರೆ.

ಈಗ ನಿಜ ವಿಷಯ. ನಾನು ಮೊದಲನೇ ದಿನವೇ ಮಾನ ಕಳೆದುಕೊಂಡೆ. ಗೊಂಬೆ ಕೆಲಸ ಕಲಿಸಲು ನನ್ನನ್ನು ಕರೆಸಿದ ಸಂಸ್ಥೆಯವರು ಇಪ್ಪತ್ತೆರಡು ಹೆಂಗಸರನ್ನು ಕೂರಿಸಿದ್ದರು. ಜಿಲ್ಲೆಯ ದೊಡ್ಡ ಸಾಹೇಬರು ಬಂದಿದ್ದರು. ಲೇತ್ ಮೇಲೆ ಬುಗುರಿ ಕಡೆದೆ, ಚೆನ್ನಾಗಿಯೇ ಬಂತು. ಕೆಂಪು ಅರಗು ಒತ್ತಿದೆ, ಕರಗಿ ಹಿಡಿದುಕೊಂಡಿತು. ಆಮೇಲೆ ಹೊಳಪು ಬರಲಿ ಅಂತ ತಾಳೆಗರಿ ತೆಗೆದು ಒತ್ತಿದೆ ನೋಡು, ಬೆಕ್ಕು ಪರಚಿದ ಹಾಗೆ ಗೀರು ಬಿತ್ತು. ಇನ್ನೊಂದು ಗರಿ ತೆಗೆದೆ, ಅದೂ ಅಷ್ಟೇ. ಕಟ್ಟಿನಲ್ಲಿದ್ದ ಗರಿಯೆಲ್ಲ ಒರಟು, ಮುಟ್ಟಿದರೆ ಪುಡಿ. ನಮಗೆ ಕೆಲಸ ಕಲಿಸಿದ ಉಸ್ತಾದರ ಹಸಿರು ದಾರ, ಉಸ್ತಾದರ ಗಂಟು. ಅವರ ಕೈಯಿಂದ ಇಂಥ ಗರಿ ಹೇಗೆ ಬಂತು ಅಂತ ನನಗೆ ಗೊತ್ತಾಗಲಿಲ್ಲ. ಕರೆಂಟು ಕಮ್ಮಿ ಅಂತ ಸುಳ್ಳು ಹೇಳಿ ಎದ್ದೆ. ಸಾಹೇಬರು ಗಡಿಯಾರ ನೋಡಿಕೊಂಡರು.

ಕೋಪ ಎಷ್ಟಾದರೂ ಇರಲಿ ಕಣೇ, ಒಂದು ಕಟ್ಟು ಎಳೆಯ ಗರಿ ಪಾರ್ಸಲ್ ಮಾಡು. ಗರಿ ಇಲ್ಲದಿದ್ದರೆ ಮೂರು ತಿಂಗಳು ನಾನು ಇಲ್ಲಿ ಏನು ಕಲಿಸಲಿ?

ನಿನ್ನ
ನಿಖಾತ್


ಕೂಟಗಲ್
15 ಅಕ್ಟೋಬರ್ 2024

ನಿಖಾತ್,

ಕಾಗದ ಬಂತು. ಅಂಕಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಹಿಮಾಲಯದಿಂದ ಬಂದೈತೆ ಕಣವ್ವ, ಯಾರಾದ್ರೂ ಸ್ವಾಮ್ಗಳು ಬರ್ದವ್ರಾ?" ಅಂತ ಕೇಳಿದ. ನಮ್ಮತ್ತೆ ಚಿಕ್ಕಲಕ್ಷ್ಮಮ್ಮನವರು ಕೈ ಮುಗಿದೂಬಿಟ್ಟರು.

ಹೌದು, ಬ್ಲಾಕ್ ಮಾಡಿದ್ದೇನೆ. ಒಂದೇ ದಿನ ಹದಿನೆಂಟು ಫೋಟೋ ಹಾಕಿದರೆ ಇನ್ನೇನು ಮಾಡಲಿ? ಆ ಹೊತ್ತಿಗೆ ನಾನು ರಾಮನಗರದ ಬಸ್ಸಿನಲ್ಲಿ ನೇತಾಡುತ್ತಿದ್ದೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ನಿನ್ನ ಹಿಮಾಲಯ. ಟೋಪಿ ಹಾಕಿಕೊಂಡು ಹಲ್ಲು ಬಿಡುತ್ತಿದ್ದೀಯ. ಪಕ್ಕದವಳು ಇಣುಕಿ ನೋಡಿ, ಯಾರವ್ವ ಅದು, ಸಿನಿಮಾದವಳಾ ಅಂದಳು. ನನಗೆ ಗೊತ್ತಿಲ್ಲ ಅಂದೆ.

ಹೊಟ್ಟೆಕಿಚ್ಚು ಅಂತೀಯ? ನೀನು ಅನ್ನುವುದು ಬೇಡ, ನಾನೇ ಅನ್ನುತ್ತೇನೆ. ಹೊಟ್ಟೆಕಿಚ್ಚೇ. ನಾನು ನೋಡಿರುವ ಊರು ಕೇಳು: ಚನ್ನಪಟ್ಟಣ, ರಾಮನಗರ, ನಾದಿನಿಯ ಮದುವೆಗೆ ಮಾಗಡಿ, ಗಂಡನ ಫ್ಯಾಕ್ಟರಿ ಇದೆ ಅಂತ ಒಂದು ಸಲ ಹಾರೋಹಳ್ಳಿ. ದೂರ ಅಂದರೆ ಧರ್ಮಸ್ಥಳ, ಅದೂ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು. ಉಸ್ತಾದರ ಕಾರ್ಖಾನೆಗೆ ನಾವಿಬ್ಬರೂ ಒಂದೇ ವಾರ ಸೇರಿದವರು. ಒಂಬತ್ತು ವರ್ಷ ಅಕ್ಕಪಕ್ಕದ ಲೇತ್. ಅರಿಶಿನಕ್ಕೆ ಎಷ್ಟು ನೀಲಿ ಬೆರೆಸಿದರೆ ಮಾವಿನೆಲೆಯ ಹಸಿರು ಬರುತ್ತದೆ ಅಂತ ಕಣ್ಣಲ್ಲೇ ಹೇಳುವವಳು ಯಾರು? ನೀನು ಬಣ್ಣ ಕೆಡಿಸಿಕೊಂಡಾಗಲೆಲ್ಲ ಯಾರ ಕಡೆ ತಿರುಗುತ್ತಿದ್ದೆ? ಸಂಸ್ಥೆಯವರು ಒಬ್ಬರನ್ನು ಕಳಿಸಿ ಅಂದಾಗ ಉಸ್ತಾದ್ ನಿನ್ನ ಹೆಸರು ಹೇಳಿದರು. ನಿನಗೆ ಮನೆಯ ಉರ್ದು ಇದೆ, ಹಿಂದಿ ತೊಡರುವುದಿಲ್ಲ ಅಂತ ನಾನು ನನಗೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ.

ಗರಿ ವಿಷಯಕ್ಕೆ ಬರುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಟ್ಟು ಕಟ್ಟಿದ್ದು ಉಸ್ತಾದ್. ಒರಟಿದ್ದರೆ ಅವರನ್ನೇ ಕೇಳು, ನನ್ನನ್ನು ಯಾಕೆ ಕೇಳುತ್ತೀಯ? ಪಾರ್ಸಲ್ ಮಾಡೋಣ ಅಂದರೆ ಈಗ ಕೆರೆ ತುಂಬಿದೆ, ದಂಡೆಯ ತಾಳೆಹೂವಿನ ಪೊದೆಗೆ ಗರಿ ಕುಯ್ಯಲು ಯಾರೂ ಇಳಿಯುವುದಿಲ್ಲ.

ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ನಿನಗೆ ಹತ್ತಿರದಿಂದಲೇ ಒರಟು ಗೊತ್ತಾಗಲಿ.

ಲತಾಮಣಿ


ಅಲ್ಮೋಡಾ ಜಿಲ್ಲೆ
27 ಅಕ್ಟೋಬರ್ 2024

ಲತಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ಸ್ವಾಮ್ಗಳ ವಿಷಯಕ್ಕೆ ನಕ್ಕೆ. ಬೈದರೂ ಬರೆದೆಯಲ್ಲ, ಅಷ್ಟು ಸಾಕು.

ನೀನು ಹೇಳಿದ ಹಾಗೆಯೇ ಮಾಡಿದೆ. ದಿಬ್ಬ ಹತ್ತಿ ಉಸ್ತಾದರಿಗೆ ಫೋನ್ ಮಾಡಿ, ಗರಿ ಪೂರಾ ಒರಟಿತ್ತು ಅಂದೆ. ಅವರು "ಹಂಗಾ ಮಗಳೇ" ಅಂದು ಫೋನ್ ಇಟ್ಟರು. ನಾನು ದೂರು ಹೇಳಲಿಲ್ಲ ಕಣೇ, ಕೇಳಿದೆ ಅಷ್ಟೇ.

ಗರಿಯ ಕಥೆ ಮುಗಿಯಿತು, ಹೇಗೆ ಅಂತ ಕೇಳು. ನಾನು ಇರುವುದು ಒಬ್ಬ ಮುದುಕಿಯ ಮನೆಯಲ್ಲಿ. ಇಲ್ಲಿ ಅಜ್ಜಿಗೆ ಆಮಾ ಅನ್ನುತ್ತಾರೆ. ಆಕೆಗೆ ಹಿಂದಿಯೂ ಅಷ್ಟಕ್ಕಷ್ಟೇ, ಬೆಟ್ಟದ ಭಾಷೆ ಆಡುತ್ತಾಳೆ. ನಿನ್ನ ಕಾಗದ ಬರುವ ಮೊದಲೇ ನಾನು ಚೀಲ ಕಟ್ಟಿ ಬಾಗಿಲಿಗೆ ಬಂದಿದ್ದೆ, ವಾಪಸ್ ಹೊರಡೋಣ ಅಂತ. ಆಗ ನಿನ್ನ ಮುಖ ಕಣ್ಣ ಮುಂದೆ ಬಂತು. ಕಾರ್ಖಾನೆ ಬಾಗಿಲಲ್ಲಿ ಸೊಂಟಕ್ಕೆ ಕೈ ಇಟ್ಟುಕೊಂಡು, "ಬಂದ್ಬುಟ್ಟೇನೇ?" ಅಂತ ಕೇಳುತ್ತಿದ್ದೆ. ನಿಜ ಹೇಳುತ್ತೇನೆ, ಧೈರ್ಯ ಎಲ್ಲಿಂದಲೋ ಬರುತ್ತದೆ ಅಂತಾರೆ, ನನಗೆ ನಿನ್ನ ಆ ಮುಖದಿಂದ ಬಂತು. ಇವಳಿಗೆ ಆ ಸುಖ ಕೊಡಬಾರದು ಅಂತ ಚೀಲ ಬಿಚ್ಚಿದೆ.

ಆಮಾಗೆ ಗೀರು ಬಿದ್ದ ಬುಗುರಿ, ಒರಟು ಗರಿ ಎರಡನ್ನೂ ತೋರಿಸಿದೆ. ಗರಿಯನ್ನು ಉಸ್ತಾದರ ಹಾಗೆ ತುಟಿಗೆ ಸವರಿ, ಇದು ಹೀಗಿರಬಾರದು, ನುಣ್ಣಗಿರಬೇಕು ಅಂತ ಸನ್ನೆ ಮಾಡಿದೆ. ಆಕೆಗೆ ಅರ್ಥವಾಗಿಬಿಟ್ಟಿತು. ಮಾರನೇ ದಿನದಿಂದ ಊರಿನ ಹೆಂಗಸರೆಲ್ಲ ಒಂದೊಂದು ಎಲೆ ತರುವುದಕ್ಕೆ ಶುರುಮಾಡಿದರು. ಬಾಳೆ, ಬಿದಿರು, ಹೆಸರು ಗೊತ್ತಿಲ್ಲದವು ಹತ್ತಾರು. ಯಾರದು ಗೆಲ್ಲುತ್ತದೆ ಅಂತ ಪಂದ್ಯ. ಒಂದು ಎಲೆ ಒತ್ತಿದರೆ ಹೊಗೆ ಎದ್ದಿತು, ಒಂದು ಎಲೆಯಿಂದ ನನ್ನ ಕೈಯೆಲ್ಲ ತುರಿಕೆ. ಆರನೇ ದಿನ ಆಮಾ ಅಂಗಳದಲ್ಲಿ ಮುಸುಕಿನ ಜೋಳ ಸುಲಿಯುತ್ತಿದ್ದವಳು ತೆನೆಯ ಒಳಗಿನ ಎಳೆ ಸಿಪ್ಪೆಯನ್ನು ತನ್ನ ತುಟಿಗೆ ಸವರಿಕೊಂಡು ನನ್ನ ಕಡೆ ಚಾಚಿದಳು. ಹೊಳಪು ಬಂತು ಲತಾ! ತಾಳೆಗರಿಯಷ್ಟು ಅಲ್ಲ, ಒಸಿ ಕಮ್ಮಿ. ಆದರೆ ಬಂತು. ನಾವು ದಿನಾ ಹಸುವಿಗೆ ಹಾಕುವ ಸಿಪ್ಪೆ!

ಹೆಂಗಸರು ನನ್ನನ್ನು ತಬ್ಬಿಕೊಂಡು ಕುಣಿದರು. ಆಗಲೂ ನಿನ್ನದೇ ನೆನಪು. ನೀನಿದ್ದಿದ್ದರೆ ಅರ್ಧ ಗಂಟೆಯಲ್ಲಿ ಹುಡುಕಿರುತ್ತಿದ್ದೆ.

ನಿಖಾತ್


ಕೂಟಗಲ್
9 ನವೆಂಬರ್ 2024

ನಿಖಾತ್,

ಜೋಳದ ಸಿಪ್ಪೆ ಸಿಕ್ಕಿತಲ್ಲ, ಸಂತೋಷ. ತಬ್ಬಿಕೊಳ್ಳಲು ಇಪ್ಪತ್ತೆರಡು ಜನ ಬೇರೆ.

ನೀನು ಉಸ್ತಾದರಿಗೆ ಫೋನ್ ಮಾಡಬಾರದಿತ್ತು. ಆವತ್ತಿನಿಂದ ಅವರು ಲೇತ್ ಮುಟ್ಟಿಲ್ಲ. ದೀಪಾವಳಿಗೆ ಬಂದ ಆರ್ಡರನ್ನೆಲ್ಲ ನಾನೊಬ್ಬಳೇ ಮುಗಿಸಿದೆ. ಅವರು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಬೆರಳಿನ ತುದಿಯನ್ನು ತುಟಿಗೆ ಸವರಿಕೊಳ್ಳುತ್ತಾರೆ, ಬೆರಳು ನೋಡುತ್ತಾರೆ, ಮತ್ತೆ ಸವರಿಕೊಳ್ಳುತ್ತಾರೆ. ಕಣ್ಣಿನ ಪೊರೆ ಅವರಿಗೆ ಹಳೆಯ ಸಂಗತಿ, ಅದಕ್ಕೆ ಅವರು ತಲೆ ಕೆಡಿಸಿಕೊಂಡವರಲ್ಲ. ಮೊನ್ನೆ ಮಗ ಮುಜೀಬಣ್ಣನಿಗೆ ಹೇಳುತ್ತಿದ್ದರು: "ಕಣ್ಣು ಹೋಗ್ತೈತೆ ಅಂತ ಗೊತ್ತಿತ್ತು. ಕೈ ಐತಲ್ಲ ಅಂತಿದ್ದೆ. ಈಗ ಕೈನೂ ಹೋಯ್ತು. ಲೇತ್ ಮಾರ್ಬುಡು."

ಮುಜೀಬಣ್ಣ ಗಿರಾಕಿ ಹುಡುಕುತ್ತಿದ್ದಾರೆ. ಉಸ್ತಾದ್ ನಲವತ್ತು ವರ್ಷ ಕೂತ ಲೇತ್ ಅದು.

ನಾನು ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಿನಗೆ ತಿಳಿದಿರಲಿ ಅಂತ. ನನ್ನ ಮನಸ್ಸಿನಲ್ಲಿ ಬೇರೆ ಏನೂ ಇಲ್ಲ.

ಲತಾಮಣಿ


ಅಲ್ಮೋಡಾ ಜಿಲ್ಲೆ
20 ನವೆಂಬರ್ 2024

ಲತಾ,

ನಿನ್ನ ಕಾಗದ ಓದಿದೆ. ನಾನು ಎಂಥ ಕೆಲಸ ಮಾಡಿಬಿಟ್ಟೆ! ಅಪ್ಪ ತೀರಿಕೊಂಡಾಗ ನನ್ನನ್ನು ಲೇತ್ ಮುಂದೆ ಕೂರಿಸಿ ಉಳಿ ಹಿಡಿಯಲು ಕಲಿಸಿದವರು ಅವರು. ಆ ಕೈ ಕೆಟ್ಟಿದೆ ಅಂತ ಹೇಳಿದ್ದು ನನ್ನ ಬಾಯಿ. ಆಮೇಲೆ ಎರಡು ಸಲ ಫೋನ್ ಮಾಡಿದೆ, ಅವರು ಫೋನಿಗೆ ಬರಲಿಲ್ಲ.

ನಾನು ಬಂದುಬಿಡುತ್ತೇನೆ. ಡಿಸೆಂಬರ್ ನಾಲ್ಕಕ್ಕೆ ಟಿಕೆಟ್ ಮಾಡಿಸಿದ್ದೇನೆ. ಹದಿನೈದಕ್ಕೆ ಇಲ್ಲಿ ಹೆಂಗಸರು ಮಾಡಿದ ಗೊಂಬೆಗಳ ಪ್ರದರ್ಶನ ಇದೆ. ನಾನು ಬಿಟ್ಟು ಹೋದರೆ ಸಂಸ್ಥೆಯವರು ಅದನ್ನು ನಿಲ್ಲಿಸುತ್ತಾರಂತೆ, ಲೇತ್‌ಗಳನ್ನು ಬೇರೆ ಊರಿಗೆ ಕೊಡುತ್ತಾರಂತೆ. ಆಮಾ ನನ್ನ ಚೀಲವನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ. ಏನು ಮಾಡಲಿ ಹೇಳು? ಇವರಿಗೆ ನಾನು ಬೇಕು, ನಿಜ. ಆದರೆ ಉಸ್ತಾದರ ಕಾಲು ಹಿಡಿದು, ತಪ್ಪು ನಿಮ್ಮದಲ್ಲ, ಬೆಟ್ಟದ ಚಳಿಗೆ ಗರಿ ಒರಟಾಯಿತು ಅಂತ ಏನಾದರೂ ಸುಳ್ಳು ಹೇಳಲೇಬೇಕು. ಆ ಲೇತ್ ಮಾರಿದರೆ ನಾನು ಬದುಕಿರುವವರೆಗೆ ಉಳಿ ಹಿಡಿಯುವುದಿಲ್ಲ.

ನಾನು ಬರುವವರೆಗೆ ಮುಜೀಬಣ್ಣನನ್ನು ತಡೆ. ನಿನ್ನನ್ನು ಬಿಟ್ಟರೆ ಇನ್ನು ಯಾರನ್ನು ಕೇಳಲಿ?

ನಿಖಾತ್


ಚನ್ನಪಟ್ಟಣ, ಕಾರ್ಖಾನೆಯಿಂದ
27 ನವೆಂಬರ್ 2024

ನಿಖಾತ್,

ಬರಬೇಡ.

ನಿನ್ನ ನಂಬರಿನ ಬ್ಲಾಕ್ ತೆಗೆದು ಹನ್ನೊಂದು ಸಲ ಫೋನ್ ಮಾಡಿದೆ, ಸಿಗಲಿಲ್ಲ. "ಹೊರಡಬೇಡ, ಕಾಗದ ಬರುತ್ತಿದೆ" ಅಂತ ಮೆಸೇಜ್ ಹಾಕಿದ್ದೇನೆ, ಒಂದೇ ಟಿಕ್. ಸ್ಪೀಡ್ ಪೋಸ್ಟ್ ಐದು ದಿನಕ್ಕೆ ಮುಟ್ಟುತ್ತದೆ ಅಂದರು. ಮುಟ್ಟಲಿ ಅಂತ ಹರಕೆ ಹೊತ್ತಿದ್ದೇನೆ.

ಗರಿ ಬದಲಾಯಿಸಿದವಳು ನಾನು.

ನೀನು ಹೊರಡುವ ಹಿಂದಿನ ದಿನ ಉಸ್ತಾದ್ ನಲವತ್ತು ಗರಿ ಆರಿಸಿದರು. ಒಂದೊಂದನ್ನೂ ತುಟಿಗೆ ಸವರಿ, ಹಸಿರು ದಾರ ಸುತ್ತಿ ಗಂಟು ಹಾಕಿ, ನಿಖಾತ್ ಪೆಟ್ಟಿಗೆಗೆ ಇಡಮ್ಮ ಅಂತ ನನ್ನ ಕೈಗೆ ಕೊಟ್ಟು ಮಸೀದಿಗೆ ಹೋದರು. ಮೂಲೆಯಲ್ಲಿ ಹೋದ ವರ್ಷದ ಗರಿ ಬಿದ್ದಿತ್ತು, ಒಲೆಗೆ ಹಾಕಲು ಇಟ್ಟಿದ್ದು. ಹಸಿರು ದಾರವನ್ನು ಗಂಟು ಬಿಚ್ಚದೆ ಹಾಗೇ ಜಾರಿಸಿ ಅದಕ್ಕೆ ತೊಡಿಸಿದೆ. ಯೋಚನೆ ಮಾಡಿ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಅಲ್ಲಿ ಹೋಗಿ ಒಂದು ದಿನ ತಲೆ ತಗ್ಗಿಸಲಿ, ಅಷ್ಟು ಸಾಕು ಅನ್ನಿಸಿತ್ತು. ಒಳ್ಳೆಯ ಕಟ್ಟನ್ನು ಮನೆಗೆ ತಂದು ಅಟ್ಟದ ಮೇಲೆ ರೇಷ್ಮೆ ಹುಳು ಸಾಕುವ ತಟ್ಟೆಗಳ ಹಿಂದೆ ಬಚ್ಚಿಟ್ಟೆ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಒರೆಸಿದ್ದು ಉಸ್ತಾದರ ಬಾಯಿಗೆ. ಅವರನ್ನೇ ಕೇಳು ಅಂತ ನಿನಗೆ ಬರೆದೆನಲ್ಲ, ಆ ಸಾಲು ಬರೆಯುವಾಗ ನನಗೆ ಗೆದ್ದ ಹಾಗಾಗಿತ್ತು. ಆಮೇಲೆ ದಿನಾ ಅವರ ಎದುರು ಕೂತು ಕೆಲಸ ಮಾಡಿದೆ. ಅವರು ಬೆರಳನ್ನು ತುಟಿಗೆ ತೆಗೆದುಕೊಂಡು ಹೋದಾಗಲೆಲ್ಲ ನಾನು ಲೇತ್ ಜೋರು ಮಾಡುತ್ತಿದ್ದೆ. ನೀನು ಟಿಕೆಟ್ ಮಾಡಿಸಿದ್ದೇನೆ ಅಂತ ಬರೆದೆ ನೋಡು, ಅಲ್ಲಿಗೆ ನನ್ನ ಕೈಲಿ ಆಗಲಿಲ್ಲ. ನಿನ್ನೆ ಕಟ್ಟನ್ನು ಅಟ್ಟದಿಂದ ಇಳಿಸಿ ತಂದು ಅವರ ತೊಡೆಯ ಮೇಲೆ ಇಟ್ಟು ಎಲ್ಲ ಹೇಳಿದೆ.

ಅವರು ನನ್ನ ಕಡೆ ತಿರುಗಲಿಲ್ಲ. ಗರಿ ತೆಗೆದುಕೊಂಡು ತುಟಿಗೆ ಸವರಿದರು. ಪಕ್ಕಕ್ಕಿಟ್ಟು ಇನ್ನೊಂದು ತೆಗೆದರು. ನಲವತ್ತನ್ನೂ ಹಾಗೇ ನೋಡಿದರು, ನಾನು ನಿಂತೇ ಇದ್ದೆ. ಕೊನೆಗೆ "ಸರ್ಯಾಗೇ ಐತಲ್ಲ" ಅಂದರು, ನನಗಲ್ಲ, ತಮಗೇ ಹೇಳಿಕೊಂಡಿದ್ದು. ಕಣ್ಣಲ್ಲಿ ನೀರಿತ್ತು. ಆಮೇಲೆ ನನ್ನನ್ನು ಕೇಳಿದರು:

"ಹೊಟ್ಟೆಕಿಚ್ಚು ನಿನ್ ಹೊಟ್ಟೇಲಿ ಇತ್ತಮ್ಮ. ಗರಿ ಏನ್ ಮಾಡಿತ್ತು?"

ನಾನು ಅಳುತ್ತಾ, ಮತ್ತೆ ನನ್ನನ್ನು ಯಾಕೆ ಕಳಿಸಲಿಲ್ಲ ಅಂತ ಕೇಳಿಬಿಟ್ಟೆ. ಮಾಡಿದ್ದು ಅಂಥ ಕೆಲಸ, ಆದರೂ ಕೇಳದೆ ಇರಲು ಆಗಲಿಲ್ಲ. ಅವರು ಹೇಳಿದ್ದು ಇದು: "ನಿಖಾತ್ ಹೋದ್ರೆ ಕಾರ್ಖಾನೆ ನಡೀತೈತೆ. ನೀನ್ ಹೋದ್ರೆ ನಿಂತೋಯ್ತದೆ. ನನ್ ಕಣ್ಣು ಈಗ ನೀನೇ ಅಲ್ವಾ? ನನ್ ಸ್ವಾರ್ಥ ಅದು, ಹೇಳ್ಲಿಲ್ಲ."

ಈ ಮಾತನ್ನು ನಿನಗೆ ಬರೆಯಬಾರದು ಅಂತ ಬೆಳಗ್ಗೆಯಿಂದ ಅಂದುಕೊಂಡಿದ್ದೆ. ಬರೆದೂಬಿಟ್ಟೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಇವತ್ತು ಅವರು ಲೇತ್ ಮುಂದೆ ಕೂತಿದ್ದಾರೆ. ಆ ಸದ್ದಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಜೊತೆ ಮಾತಿಲ್ಲ, ಬಣ್ಣ ತೋರಿಸಲು ಮಾತ್ರ ಕೈ ಚಾಚುತ್ತಾರೆ. ಲೇತ್ ಮಾರುವ ಮಾತು ನಿಂತಿದೆ. ನೀನು ಅಲ್ಲೇ ಇದ್ದು ಮುಗಿಸಿಕೊಂಡು ಬಾ. ಬಂದ ಮೇಲೆ ಹೊಡಿ, ಬೈ, ಏನಾದರೂ ಮಾಡು.

ಲತಾ


ಅಲ್ಮೋಡಾ ಜಿಲ್ಲೆ
17 ಡಿಸೆಂಬರ್ 2024

ಲತಾಮಣಿ,

ನಿನ್ನ ಕಾಗದ ಮೂರನೇ ತಾರೀಖು ಬಂತು. ಟಿಕೆಟ್ ಕ್ಯಾನ್ಸಲ್ ಮಾಡಿಸಿದೆ. ಉತ್ತರಕ್ಕೆ ಹದಿನಾಲ್ಕು ದಿನ ಕಾಯಿಸಿದ್ದು ಬೇಕಂತಲೇ.

ಓದಿದಾಗ ನಾನು ಅಂಗಳದಲ್ಲಿದ್ದೆ. ನನ್ನ ಮುಖ ನೋಡಿ ಆಮಾ ಓಡಿ ಬಂದು, ಊರಲ್ಲಿ ಯಾರಾದರೂ ಸತ್ತರಾ ಅಂತ ಕೇಳಿದಳು. ಇಲ್ಲ, ಒಬ್ಬಳು ಸತ್ತಿದ್ದರೆ ಚೆನ್ನಾಗಿತ್ತು ಅಂದೆ. ಆಕೆಗೆ ಪೂರ್ತಿ ಹೇಳಿದೆ. ಬಹಳ ಹೊತ್ತು ಕೇಳಿಸಿಕೊಂಡು, ತನ್ನ ಓರಗಿತ್ತಿ ಒಂದು ಸಲ ತನ್ನ ಸಾರಿಗೆ ಹಿಡಿ ಉಪ್ಪು ಸುರಿದ ಕಥೆ ಹೇಳಿದಳು. ಮೂವತ್ತು ವರ್ಷವಾಯಿತಂತೆ. ಈಗಲೂ ಇಬ್ಬರೂ ಒಟ್ಟಿಗೆ ಹುಲ್ಲು ಕುಯ್ಯಲು ಹೋಗುತ್ತಾರೆ, ಬುತ್ತಿ ಮಾತ್ರ ಬೇರೆ ಬೇರೆ.

ಗರಿ ಬದಲಾಯಿಸಿದ್ದಕ್ಕೆ ನಿನ್ನನ್ನು ಒಂದು ದಿನ ಕ್ಷಮಿಸುತ್ತೇನೋ ಏನೋ. ಆ ಗರಿ ಒರಟಾಗಿಲ್ಲದಿದ್ದರೆ ಈ ಊರಿನ ಒಂದು ಎಲೆಯೂ ನನಗೆ ಗೊತ್ತಾಗುತ್ತಿರಲಿಲ್ಲ, ಇವರ ಮನೆಗಳ ಒಳಗೂ ಹೋಗುತ್ತಿರಲಿಲ್ಲ. ಉಸ್ತಾದರಿಗೆ ಮಾಡಿದ್ದನ್ನು ಕ್ಷಮಿಸಲು ನಾನು ಯಾರು, ಅದು ಅವರದು. ಆದರೆ ಅವರು ಆಡಿದ ಮಾತನ್ನು ನನಗೆ ಬರೆದೆಯಲ್ಲ! ನಾನು ಹೋದರೆ ಕಾರ್ಖಾನೆ ನಡೆಯುತ್ತದಂತೆ. ಎರಡು ದಿನ ನನಗೆ ಅನ್ನ ಸೇರಲಿಲ್ಲ. ನನ್ನ ಕೈ ಒಳ್ಳೆಯದು ಅಂತ ಕಳಿಸಿದರು ಅಂದುಕೊಂಡು ಇಷ್ಟು ದಿನ ಈ ಚಳಿಯಲ್ಲಿ ಎದೆ ಸೆಟೆಸಿ ಓಡಾಡಿದ್ದೆ ಕಣೇ. ನೀನು ಆ ಒಂದು ಸಾಲು ಬರೆಯದೆ ಇದ್ದಿದ್ದರೆ ಏನಾಗುತ್ತಿತ್ತು? ಹೊಟ್ಟೆಕಿಚ್ಚು ಅಂದರೆ ಹೊಟ್ಟೆಯಲ್ಲಿ ಎಲ್ಲಿ ಉರಿಯುತ್ತದೆ ಅಂತ ಈಗ ನನಗೂ ಗೊತ್ತಾಯಿತು.

ಮೊನ್ನೆ ಪ್ರದರ್ಶನ ಆಯಿತು. ಆವತ್ತು ಗಡಿಯಾರ ನೋಡಿಕೊಂಡ ಸಾಹೇಬರೇ ಬಂದಿದ್ದರು. ಈ ಸಲ ಲೇತ್ ಮೇಲೆ ನಾನು ಕೂರಲಿಲ್ಲ, ಆಮಾಳನ್ನು ಕೂರಿಸಿದೆ. ಎಪ್ಪತ್ತು ವರ್ಷದವಳು ಕೆಂಪು ಬುಗುರಿ ಮಾಡಿ, ಜೋಳದ ಸಿಪ್ಪೆಯಲ್ಲಿ ಹೊಳಪು ತಂದು ಅವರ ಅಂಗೈಯಲ್ಲಿ ತಿರುಗಿಸಿದಳು. ಲೇತ್‌ಗಳು ಈ ಊರಲ್ಲೇ ಉಳಿಯುತ್ತವೆ. ನಾನು ಹೊರಟ ಮೇಲೂ ಇವರ ಕೆಲಸ ನಡೆಯುತ್ತದೆ. ನಾನು ಹೋದರೂ ನಡೆಯುತ್ತದೆ ಅನ್ನುವ ಮಾತನ್ನು ಇಲ್ಲಿ ನಾನೇ ಖುಷಿಯಿಂದ ಹೇಳಿದೆ. ಅಲ್ಲಿ ಉಸ್ತಾದ್ ಹೇಳಿದ್ದು ಮಾತ್ರ ಇನ್ನೂ ಚುಚ್ಚುತ್ತಿದೆ.

ಕವರಿನೊಳಗೆ ಒಂದು ಜೋಳದ ಸಿಪ್ಪೆ ಇಟ್ಟಿದ್ದೇನೆ. ಉಸ್ತಾದರಿಗೆ ಕೊಡು, ತುಟಿಗೆ ಸವರಿ ನೋಡಲಿ. ಯಾರು ಹುಡುಕಿದ್ದು ಅಂತ ನೀನೇ ಬಾಯಿಬಿಟ್ಟು ಹೇಳಬೇಕು, ನನ್ನ ಹೆಸರು ನುಂಗಬಾರದು. ಅವರು ಏನಂದರು ಅಂತ ಒಂದಕ್ಷರ ಬಿಡದೆ ಬರಿ. ಬರಿ ಅಂದೆ, ಫೋನ್ ಮಾಡಬೇಡ. ನೀನು ಬ್ಲಾಕ್ ತೆಗೆದಿದ್ದು ಗೊತ್ತಾದ ದಿನವೇ ನಾನು ನಿನ್ನನ್ನು ಬ್ಲಾಕ್ ಮಾಡಿದ್ದೇನೆ. ಅಂಕಯ್ಯನೂ ಒಸಿ ಓಡಾಡಲಿ.

ಜನವರಿ ಐದಕ್ಕೆ ಚನ್ನಪಟ್ಟಣದಲ್ಲಿ ಇಳಿಯುತ್ತೇನೆ. ನನ್ನ ಲೇತ್ ಮೇಲೆ ಯಾರೂ ಕೂತಿರಬಾರದು. ಅದು ಮೊದಲಿದ್ದ ಹಾಗೆಯೇ ನಿನ್ನದರ ಪಕ್ಕದಲ್ಲೇ ಇರಲಿ, ಒಂದು ಗೇಣೂ ಆ ಕಡೆ ಜರುಗಿಸಬೇಡ. ಇಬ್ಬರೂ ಕೂತು ಒಂದೊಂದು ಮಾವಿನೆಲೆ ಹಸಿರು ಬುಗುರಿ ಮಾಡೋಣ, ಯಾರ ಕೈ ಮೇಲು ಅಂತ ಉಸ್ತಾದ್ ಮುಟ್ಟಿ ಹೇಳಲಿ.

ಗರಿಯ ಕಟ್ಟು ಮಾತ್ರ ಇನ್ನು ಮೇಲೆ ನನ್ನದು ನಾನೇ ಕಟ್ಟಿಕೊಳ್ಳುತ್ತೇನೆ.

ನಿಖಾತ್